ಉಪ್ಪುಗೋದಾಮಿನ ಗಂಟೆಗೆ ನಾಲಗೆ ಇಲ್ಲ

ಕಂತು ೭: ತಣ್ಣನೆಯ ಕಬ್ಬಿಣ

“ಸೂಪಿನ ಸೌಟಿನಿಂದ ಬಾರಿಸಿದ್ರೆ ಗಂಟೆ ಗಂಟೆ ಅಲ್ವಾ?” ಎಂದು ನಾನು ಕೇಳಿದೆ.

“ಅಲ್ಲ,” ಎಂದರು ಆಶ್‌ವರ್ತ್ ಸಾಹೇಬರು, ಕರ್ಚೀಫಿನಿಂದ ಮೂಗು ಒರೆಸಿಕೊಳ್ಳುತ್ತ.

ಗೋದಾಮಿನ ಅಟ್ಟದಲ್ಲಿ ಸ್ಟೂಲು ಹತ್ತಿ ನಿಂತಿದ್ದೆ. ಕೈಯಲ್ಲಿದ್ದ ಸೌಟಿನಿಂದ ಗಂಟೆಗೆ ಬಲವಾಗಿ ಒಂದು ಬಿಟ್ಟಿದ್ದೆನಷ್ಟೆ. ಆ ಸದ್ದಿಗೆ ಬಂದರಿನ ಕಡಲಹಕ್ಕಿಗಳೆಲ್ಲ ಕಿರುಚಿಕೊಂಡು ಎದ್ದವು. ಹಕ್ಕಿಗಳಿಗೆ ಅರ್ಥವಾದದ್ದು ಈ ವಕೀಲರಿಗೆ ಅರ್ಥವಾಗಲಿಲ್ಲ.

“ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದೆ, ಮೇಡಂ. ಗಂಟೆಯು ತನ್ನದೇ ನಾಲಗೆಯಿಂದ ನುಡಿಯತಕ್ಕದ್ದು. ಸೌಟು ನಾಲಗೆಯಲ್ಲ.”

“ಕೆಲವರ ನಾಲಗೆಗಿಂತ ನನ್ನ ಸೌಟೇ ವಾಸಿ,” ಎಂದು ಗೊಣಗುತ್ತ ಇಳಿದೆ.

ಕಳೆದ ವಾರ ಓದದವರಿಗೆ ಒಂದೇ ಮಾತು. ನಮ್ಮ ಪೋರ್ಟ್ ಗಾರ್ವಿಯ ಹಳೇ ಜಮೀನುದಾರ ಈ ಉಪ್ಪುಗೋದಾಮನ್ನು ಊರಿಗೆ ಬಿಟ್ಟುಕೊಡುವಾಗ, ಪ್ರತಿ ವರ್ಷ ಹೆರಿಂಗ್ ಮೀನಿನ ಕಾಲ ಶುರುವಾಗುವ ದಿನ ಮಧ್ಯಾಹ್ನ ಇದರ ಗಂಟೆ ಬಾರಿಸಬೇಕು, ಒಂದು ವರ್ಷ ತಪ್ಪಿದರೂ ಕಟ್ಟಡ ತನ್ನ ವಂಶಕ್ಕೆ ವಾಪಸ್ ಎಂದು ಷರತ್ತು ಹಾಕಿ ಸತ್ತ. ಆ ದಿನ ನಾಳೆ. ಇವತ್ತು ಬೆಳಿಗ್ಗೆ ನೋಡಿದರೆ ಗಂಟೆಯೊಳಗೆ ತೂಗುವ ಕಬ್ಬಿಣದ ನಾಲಗೆ ಮಾಯವಾಗಿದೆ.

ಈಗಿನ ವಾರಸುದಾರ ಇಲ್ಲಿ ಹೋಟೆಲು ಮಾಡುತ್ತಾನಂತೆ. ಅಟ್ಟದಲ್ಲಿ ಬಿಸಿನೀರಿನ ತೊಟ್ಟಿ ಇಡುತ್ತಾನಂತೆ. ನಮ್ಮ ಅಜ್ಜಂದಿರು ಅಂಗೈ ಬಿರಿದು ರಕ್ತ ಬಂದರೂ ಉಪ್ಪಿನ ಮೂಟೆ ಹೊತ್ತ ಜಾಗದಲ್ಲಿ ಯಾರೋ ಬೆತ್ತಲೆ ಕೂತು ವೈನು ಹೀರುವುದನ್ನು ನೆನೆದರೇ ನನಗೆ ಮೈಯೆಲ್ಲ ಉರಿಯುತ್ತದೆ. ನೆಗಡಿಯ ಆಶ್‌ವರ್ತ್ ಸಾಹೇಬರು ಅವನ ವಕೀಲರು. ಲಂಡನ್ನಿನವರು. ಗಂಟೆ ಬಾರಿಸುವುದನ್ನು, ಅಥವಾ ಬಾರಿಸದಿರುವುದನ್ನು, ಕಣ್ಣಾರೆ ನೋಡಿ ಬರೆದುಕೊಳ್ಳಲು ಬಂದವರು.

ಇನ್ನು ನಾನು. ಹೆಸರು ಇಸಿ ಸ್ಲೇಟರ್. ಊರಿನ ಮುಕ್ಕಾಲು ಪಾಲು ಜನ ಸ್ಲೇಟರ್‌ಗಳೇ ಆದ್ದರಿಂದ ಎಲ್ಲರಿಗೂ ಒಂದೊಂದು ಅಡ್ಡಹೆಸರಿದೆ. ನಾನು ಸೂಪು ಇಸಿ. ಗೋದಾಮಿನ ಕೆಳಗಡೆ ಸೂಪು ಮಾರುತ್ತೇನೆ. ಪತ್ತೇದಾರಿಕೆ ಪುಕ್ಕಟೆ.

“ಸೌಟಿನ ಪ್ರಯೋಗ ಮುಗೀತಲ್ಲ? ಈಗ ಕೆಲಸದ ಮಾತಾಡೋಣ,” ಎಂದರು ಫಾರ್ಕರ್ ಮೇಷ್ಟ್ರು. ನಿವೃತ್ತ ಹೆಡ್ಮಾಸ್ಟರು, ಗೋದಾಮು ಸಮಿತಿಯ ಅಧ್ಯಕ್ಷರು. ನಿವೃತ್ತಿ ಆಗಿರುವುದು ಶಾಲೆಯಿಂದ ಮಾತ್ರ; ಊರನ್ನು ಇನ್ನೂ ಬೆಂಚಿನ ಮೇಲೆ ನಿಲ್ಲಿಸುತ್ತಾರೆ. “ಆಂಡ್ರಾ, ಈ ಅಟ್ಟದ ಬೀಗದ ಕೈ ಯಾರ ಹತ್ರ ಇರುತ್ತೆ?”

ಬಾಗಿಲ ಬಳಿ ನಿಂತಿದ್ದ ನನ್ನ ತಮ್ಮ ಆಂಡ್ರಾ ಗೋಡೆಗೆ ಒರಗಿಕೊಂಡ. ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ನೆಲ ನೋಡಿದ.

“ಅವನ ಹತ್ರ ಎಲ್ಲಿರುತ್ತೆ?” ನಾನೇ ಬಾಯಿ ಹಾಕಿದೆ. “ಬಾಗಿಲ ಪಕ್ಕದ ಮೊಳೇಲಿ ನೇತಾಡ್ತಿರುತ್ತೆ. ಊರಿಗೆಲ್ಲ ಗೊತ್ತು. ನಿಮಗೂ ಗೊತ್ತು ಮೇಷ್ಟ್ರೇ, ಹೋದ ತಿಂಗಳು ನೀವೇ ತಗೊಂಡು ಮರೆತು ಮನೆಗೆ ಹೋಗಿರ್ಲಿಲ್ವಾ?”

“ಅದು ಬೇರೆ ವಿಷಯ.”

“ಹೇಗೆ ಬೇರೆ?”

“ನಾನು ಕೇಳ್ತಿರೋನು ಇಸಿ, ಉತ್ತರ ಹೇಳೋನಲ್ಲ,” ಎಂದು ಮೇಷ್ಟ್ರು ಮೂಲೆಯತ್ತ ಬೆರಳು ತೋರಿಸಿದರು. “ಅದನ್ನ ನೋಡಿ. ಅದೇ ಸಾಕ್ಷಿ.”

ಮೂಲೆಯಲ್ಲಿ ಟಾರು ಬಳಿದ ಒಂದು ಹುರಿ ಇತ್ತು. ಗಂಟೆಗೆ ನಾಲಗೆಯನ್ನು ಬಿಗಿದಿದ್ದದ್ದು ಅದೇ. ಕಳ್ಳ ಅದನ್ನು ಕತ್ತರಿಸಿರಲಿಲ್ಲ. ಗಂಟನ್ನು ತಾಳ್ಮೆಯಿಂದ ಬಿಚ್ಚಿ, ಹುರಿಯನ್ನು ಸುರುಳಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ, ಅಚ್ಚುಕಟ್ಟಾಗಿ ಇಟ್ಟುಹೋಗಿದ್ದ. ಸುರುಳಿ ಎಡದಿಂದ ಬಲಕ್ಕೆ, ಸೂರ್ಯ ಸಾಗುವ ದಿಕ್ಕಿಗೆ ಇತ್ತು. ನಮ್ಮಲ್ಲಿ ದೋಣಿ ಕೂಡ ಬಂದರಿನಲ್ಲಿ ಆ ದಿಕ್ಕಿಗೇ ತಿರುಗಿ ಹೊರಡಬೇಕು. ಹಗ್ಗವನ್ನು ಉಲ್ಟಾ ಸುತ್ತಿದ ಹುಡುಗನ ಬೆನ್ನಿಗೆ ಅವನ ಅಜ್ಜಿಯೇ ಬಾರಿಸುತ್ತಾಳೆ.

“ಪೇಟೆಯವನಾಗಿದ್ರೆ ಚಾಕು ಹಾಕಿ ಕತ್ತರಿಸಿ ಬಿಸಾಕಿರ್ತಿದ್ದ,” ಎಂದರು ಮೇಷ್ಟ್ರು. “ಇದು ಕಡಲಿನವರ ಕೈ. ಹಾಗಾಗಿ ಲಂಡನ್ನಿನ ಸಾಹೇಬರ ಮೇಲೆ ಅನುಮಾನವೇ ಇಲ್ಲ. ಕಡಲಿನವನು, ಇದೇ ಕಟ್ಟಡದಲ್ಲಿ ಮಲಗೋನು, ಬೀಗದ ಕೈಯ ಜವಾಬ್ದಾರಿ ಇರೋನು ಯಾರು? ಸಾಯಂಕಾಲದೊಳಗೆ ನಾಲಗೆ ಸಿಗದಿದ್ರೆ ಆಂಡ್ರಾ ಕೋಣೆ ಖಾಲಿ ಮಾಡ್ಬೇಕು. ಸಮಿತಿ ತೀರ್ಮಾನ ಮಾಡಿದೆ.”

“ಸಮಿತಿ ಅಂದ್ರೆ ಯಾರು?”

“ನಾನು. ಮತ್ತೆ ನೆಟ್ಟಿ.”

ನೆಟ್ಟಿ ಏಣಿಯ ಮೇಲಿನ ಮೆಟ್ಟಿಲಲ್ಲಿ ಕೂತು ಕಾಲುಚೀಲ ಹೆಣೆಯುತ್ತಿದ್ದಳು. ಅವಳು ಬಂದರಿನ ಎದುರು ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳುತ್ತಾಳೆ. ಸಾಹೇಬರು ಇಳಿದಿರುವುದೂ ಅಲ್ಲೇ. “ನಾನೇನೂ ತೀರ್ಮಾನ ಮಾಡಿಲ್ಲಪ್ಪ,” ಎಂದಳು. “ಹೆಣಿಗೆ ಎಣಿಸ್ತಾ ತಲೆ ಆಡಿಸಿದೆ ಅಷ್ಟೆ.”

 ಆಂಡ್ರಾನಿಗೆ ಮೊಣಕಾಲು ಹೋಗಿ ಕಡಲು ಬಿಟ್ಟಮೇಲೆ ಈ ಗೋದಾಮೇ ಮನೆ. ಸಮುದ್ರ ಕಾಣುವ ಒಂದು ಕಿಟಕಿ, ಒಂದು ಮಂಚ, ಒಂದು ರೇಡಿಯೋ. ನನ್ನ ಮನೆಗೆ ಬಂದಿರೋ ಎಂದರೆ ಬರುತ್ತಾನೆ, ಬಂದ ಮಾರನೇ ದಿನವೇ ಗಂಜಿಗೆ ಉಪ್ಪು ಹಾಕುವ ವಿಷಯಕ್ಕೆ ಇಬ್ಬರೂ ಜಗಳವಾಡುತ್ತೇವೆ. ಆದರೂ ಅವನು ನನ್ನ ತಮ್ಮ. ಕಳ್ಳ ಎನ್ನಿಸಿಕೊಂಡು ಈ ಊರಲ್ಲಿ ಅವನು ಒಂದು ವಾರವೂ ಬದುಕಲಾರ.

“ಲೋ, ಏನಾದ್ರೂ ಮಾತಾಡೋ!” ಎಂದೆ.

“ಏನಂತ ಮಾತಾಡ್ಲಿ?” ಎಂದ ಆಂಡ್ರಾ. ಅಷ್ಟೇ.

ಎಲ್ಲರೂ ಇಳಿದೆವು. ಮೇಷ್ಟ್ರು ಅಟ್ಟಕ್ಕೆ ತಾವೇ ತಂದಿದ್ದ ಹೊಸ ಬೀಗ ಜಡಿದು, ಕೀಲಿಯನ್ನು ಕೋಟಿನ ಒಳಜೇಬಿಗೆ ಇಳಿಬಿಟ್ಟರು. ಬೆಳಿಗ್ಗೆಯಿಂದ ಅದೊಂದೇ ಅವರಿಗೆ ಸಂತೋಷ ಕೊಟ್ಟ ಕೆಲಸ.

ಮೆಟ್ಟಿಲಿನಲ್ಲಿ ನೆಟ್ಟಿಯ ತೋಳು ಹಿಡಿದು ಹಿಂದಕ್ಕೆಳೆದೆ. “ನಿನ್ನ ಸಾಹೇಬ ಹೇಗೆ?” ಎಂದು ಪಿಸುಗುಟ್ಟಿದೆ.

“ಒಳ್ಳೇ ಮನುಷ್ಯ ಕಣೇ. ತಟ್ಟೇಲಿ ಏನೂ ಬಿಡಲ್ಲ. ನಿನ್ನೆ ಹೆರಿಂಗ್ ಹುರಿದು ಕೊಟ್ಟೆ ನೋಡು, ನಡುಮುಳ್ಳು ಒಂದೇ ಎಳೆತಕ್ಕೆ ಬಾಚಣಿಗೆ ಥರ ಈಚೆ ಬಂತು. ನಾನೂ ಹಾಗೆ ತೆಗೀಲಾರೆ.”

“ಲಂಡನ್ನಿನವನು?”

“ಹೂಂ.”

“ಲಂಡನ್ನಿನವನು ಹೆರಿಂಗ್ ಮುಳ್ಳು ಒಂದೇ ಎಳೆತಕ್ಕೆ ತೆಗೆದ, ನೀನು ನೋಡ್ಕೊಂಡು ಕಾಲುಚೀಲ ಹೆಣೀತಾ ಕೂತಿದ್ದೆ!”

ನೆಟ್ಟಿಯ ಸೂಜಿ ನಿಂತಿತು. ನನ್ನ ತಲೆ ಓಡಿತು. ಮೇಷ್ಟ್ರು ಹೇಳಿದ್ದು ಸರಿಯೇ, ಕಳ್ಳ ಕಡಲಿನವನೇ. ಆದರೆ ಕಡಲಿನವರೆಲ್ಲ ಕಡಲಿನವರ ಹಾಗೆ ಕಾಣಬೇಕು ಎಂದು ಯಾರು ಹೇಳಿದ್ದು? ಗಂಟೆ ಬಾರಿಸದಿದ್ದರೆ ಲಾಭ ಯಾರಿಗೆ? ಈ ಮನುಷ್ಯನ ಯಜಮಾನನಿಗೆ. ಇವನೂ ಕಡಲಿನವನೇ ಎಂದು ತೋರಿಸಿಬಿಟ್ಟರೆ ಆಂಡ್ರಾನ ತಲೆಯ ಮೇಲಿನ ಭಾರ ಇಳಿಯುತ್ತದೆ.

ತೋರಿಸುವ ದಾರಿ ನನಗೆ ಗೊತ್ತಿತ್ತು. ಅದನ್ನು ನೆನೆದೇ ಬೆವರು ಬಂತು.

ಮೀನುಗಾರರ ಊರಲ್ಲಿ ಕೆಲವು ಮಾತು ಆಡಬಾರದು. ಎಲ್ಲಕ್ಕಿಂತ ಕೆಟ್ಟದ್ದು ಕೆಸರಲ್ಲಿ ಹೊರಳುವ, ಸುರುಳಿ ಬಾಲದ, ಉದ್ದ ಮೂತಿಯ ಆ ಪ್ರಾಣಿಯ ಹೆಸರು. ನಾವು ‘ಸುರುಳಿಬಾಲದವನು’ ಎಂದೇ ಅನ್ನುವುದು. ಯಾರ ಬಾಯಲ್ಲಾದರೂ ನಿಜವಾದ ಹೆಸರು ಬಂತೋ, ತಕ್ಷಣ “ತಣ್ಣನೆ ಕಬ್ಬಿಣ” ಎಂದು ಹತ್ತಿರವಿದ್ದ ಕಬ್ಬಿಣ ಮುಟ್ಟಬೇಕು. ಮುಟ್ಟದಿದ್ದರೆ ಯಾರದೋ ದೋಣಿ ಮರಳಿ ಬರುವುದಿಲ್ಲ. ಇದನ್ನು ಯಾರೂ ಯೋಚಿಸಿ ಮಾಡುವುದಿಲ್ಲ, ತೊಟ್ಟಿಲಲ್ಲಿರುವಾಗಲೇ ಕೈಗೆ ಕಲಿಸಿಬಿಟ್ಟಿರುತ್ತಾರೆ. ಮನುಷ್ಯ ಹೆಸರು ಬದಲಾಯಿಸಬಹುದು, ಮಾತಿನ ಧಾಟಿ ಬದಲಾಯಿಸಬಹುದು, ಕೈ ಮಾತು ಕೇಳುವುದಿಲ್ಲ.

ಕೆಳಗೆ ಬಂದು ಎಲ್ಲರಿಗೂ ಹೊಗೆಮೀನಿನ ಸೂಪು ಬಡಿಸಿದೆ. ಬಡಿಸುತ್ತಲೇ ಕೂರಿಸಿದೆ.

“ಸಾಹೇಬರೇ, ಈ ಗೋಡೆ ಬದೀಲಿ ಕೂತ್ಕೊಳ್ಳಿ, ಅಲ್ಲಿ ಗಾಳಿ ಬರಲ್ಲ.” ಅವರ ತಲೆಯ ಪಕ್ಕದಲ್ಲೇ ಹಿಂದೆ ಗಾಡಿಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆ ಇತ್ತು. “ಮೇಷ್ಟ್ರೇ, ನೀವು ಒಲೆ ಹತ್ರ.” ನೆಟ್ಟಿಯ ಕೈಯಲ್ಲಿ ಹೇಗೂ ಸೂಜಿಗಳಿದ್ದವು. ಆಂಡ್ರಾ ಕೂರಲೊಲ್ಲದೆ ಬಾಗಿಲಿನ ಅಗುಳಿಗೆ ಒರಗಿ ನಿಂತ. ಅಗುಳಿಯೂ ಕಬ್ಬಿಣದ್ದೇ.

ನಾನು ಒಲೆ ಕೆದಕುವ ಸಲಾಕೆಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ.

“ಸೂಪು ಹೇಗಿದೆ, ಸಾಹೇಬರೇ?”

“ಅತ್ಯುತ್ತಮವಾಗಿದೆ, ಮೇಡಂ. ಇದರ ರುಚಿಗೆ ಕಾರಣವೇನು?”

“ಕಾರಣನಾ? ಇವತ್ತು ಅದರಲ್ಲಿ ಸ್ವಲ್ಪ ಬೇರೆ ಮಾಂಸ ಹಾಕಿದೀನಿ.” ಉಸಿರು ಎಳೆದುಕೊಂಡೆ. “ಹಂದಿ!”

ದೇವರೇ ನನ್ನನ್ನು ಕ್ಷಮಿಸಲಿ. ಇದನ್ನು ಬರೆಯುವಾಗಲೂ ನನ್ನ ಎಡಗೈ ಒಲೆಯ ಬಾಗಿಲ ಮೇಲಿದೆ.

“ತಣ್ಣನೆ ಕಬ್ಬಿಣ!” ಎಂದು ಕಿರುಚಿ ನೆಟ್ಟಿ ಸೂಜಿಗಳನ್ನು ಎದೆಗೆ ಒತ್ತಿಕೊಂಡಳು, ಸಂಜೆಯೊಳಗೆ ಮುಗಿಯಬೇಕಿದ್ದ ಕಾಲುಚೀಲ ಅರ್ಧ ಬಿಚ್ಚಿಹೋಯಿತು. ಇಂಥದ್ದೆಲ್ಲ ಮೂಢನಂಬಿಕೆ ಎಂದು ಮಕ್ಕಳಿಗೆ ಜೀವನಪೂರ್ತಿ ಪಾಠ ಹೇಳಿದ ಫಾರ್ಕರ್ ಮೇಷ್ಟ್ರು “ತಣ್ಣನೆ ಕಬ್ಬಿಣ!” ಎನ್ನುತ್ತ ನಿಗಿನಿಗಿ ಕಾದ ಕಬ್ಬಿಣದ ಒಲೆಯನ್ನೇ ಹಿಡಿದರು.

“ಅಯ್ಯಯ್ಯೋ! ಸುಟ್ಟೋಯ್ತು!”

ನಾನು ಅವರನ್ನು ನೋಡಲಿಲ್ಲ. ಗೋಡೆಯನ್ನು ನೋಡುತ್ತಿದ್ದೆ. ಆಶ್‌ವರ್ತ್ ಸಾಹೇಬರ ಚಮಚ ಬಟ್ಟಲಿಗೆ ಬಿದ್ದಿತ್ತು. ಅವರ ಬಲಗೈ ಕಬ್ಬಿಣದ ಬಳೆಗೆ ಜೋತುಬಿದ್ದಿತ್ತು. ತುಟಿಗಳು ಇನ್ನೂ ಆಡುತ್ತಿದ್ದವು. ಕಣ್ಣು ಮಾತ್ರ, ಈ ಕೈ ಯಾರದಪ್ಪಾ ಎನ್ನುವಂತೆ ಕೈಯನ್ನು ನೋಡಿ, ನಮ್ಮೆಲ್ಲರ ಕಡೆ ಹೊರಳುತ್ತಿತ್ತು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಾಗಾಯ್ತು!” ಎಂದು ಸಲಾಕೆ ಎತ್ತಿ ಕುಣಿದೆ. “ಲಂಡನ್ನಿನ ವಕೀಲರಿಗೆ ಸುರುಳಿಬಾಲದವನನ್ನ ಕಂಡ್ರೆ ಯಾಕ್ರೀ ಭಯ? ಲಂಡನ್ನಿನಲ್ಲಿ ನಿಮ್ಮ ದೋಣಿ ಯಾವ ಬೀದೀಲಿ ಕಟ್ಟಿದೀರಿ?”

“ಇದು ಕೇವಲ ಆಕಸ್ಮಿಕ. ನಾನು ಆಸರೆಗಾಗಿ...”

“ಕೂತಿರೋನಿಗೆ ಯಾಕೆ ಆಸರೆ? ಯಾರ ಮಗ ನೀನು? ಬೊಗಳು!”

ಸಾಹೇಬರು ಬಳೆ ಬಿಟ್ಟರು. ಮತ್ತೊಮ್ಮೆ ಹಿಡಿದರು. ಆಮೇಲೆ ಒಂದು ದೊಡ್ಡ ನಿಟ್ಟುಸಿರು ಬಂತು, ಅದರ ಜೊತೆಗೇ ಅವರ ಪುಸ್ತಕದ ಭಾಷೆಯೂ ಹೊರಟುಹೋಯಿತು.

“ಹೂಂ ಕಣಕ್ಕ. ನಾನು ಲಂಡನ್ನೋನಲ್ಲ. ಆಶ್‌ವರ್ತ್ ಅನ್ನೋದೂ ನಾನೇ ಇಟ್ಕಂಡಿದ್ದು. ನಮ್ಮಪ್ಪ ಇಟ್ಟ ಹೆಸ್ರು ಡಾಡ್ ಮಸ್ಸನ್. ಸ್ಕೇರ್‌ಟೌನಿನೋನು.”

 ಸ್ಕೇರ್‌ಟೌನ್ ಎಂದರೆ ಕೊಲ್ಲಿಯ ಆಚೆ ದಡದ ಊರು. ನಮ್ಮ ಬಲೆಗಳನ್ನು ಕತ್ತರಿಸಿದವರು. ನಾವೂ ಅವರದನ್ನು ಕತ್ತರಿಸಿದ್ದೇವೆ, ಆದರೆ ಮೊದಲು ಶುರುಮಾಡಿದ್ದು ಅವರು.

“ಅಯ್ಯೋ ನನ್ನ ಕರ್ಮವೇ!” ಎಂದು ನೆಟ್ಟಿ ಹಣೆ ಚಚ್ಚಿಕೊಂಡಳು. “ಸ್ಕೇರ್‌ಟೌನಿನವನಿಗೆ ನನ್ನ ಗರಿಹಾಸಿಗೆ ಹಾಸಿಕೊಟ್ಟೆನಲ್ಲೇ! ನಮ್ಮಮ್ಮನ ಹಾಸಿಗೆ!”

“ಹಾಸಿಗೆ ಚೆಂದಾಗಿದೆ ನೆಟ್ಟಕ್ಕ. ಏನ್ಮಾಡ್ಲಿ? ಆಫೀಸಲ್ಲಿ ಡಾಡ್ ಮಸ್ಸನ್ ಅಂದ್ರೆ ಮೀನು ಮಾರಕ್ ಬಂದಿದೀಯಾ ಅಂತ ಹಿಂದ್ಗಡೆ ಬಾಗ್ಲು ತೋರಿಸ್ತಿದ್ರು. ಆಶ್‌ವರ್ತ್ ಅಂದಿದ್ಕೆ ಕುರ್ಚಿ ಕೊಟ್ರು.”

“ಕುರ್ಚಿ ಕತೆ ಆಮೇಲೆ,” ಎಂದು ನಾನು ಸಲಾಕೆಯ ತುದಿಯನ್ನು ಅವನ ಟೈ ಮುಂದೆ ಹಿಡಿದೆ. “ಕಡಲಿನವನು ಅಂತ ಒಪ್ಕೊಂಡೆ. ಹಗ್ಗ ಸುತ್ತೋಕೆ ಬರುತ್ತೆ. ಗಂಟೆ ನಿಂತ್ರೆ ನಿನ್ನ ಯಜಮಾನನಿಗೆ ಹೋಟೆಲು. ನಾಲಗೆ ಎಲ್ಲಿ? ಮೇಷ್ಟ್ರೇ, ಕೇಳಿದ್ರಾ? ಈಗ ನನ್ನ ತಮ್ಮನ ಕಾಲು ಹಿಡ್ಕೊಳ್ಳಿ!”

ಮೇಷ್ಟ್ರು ಸುಟ್ಟ ಬೆರಳುಗಳನ್ನು ಬಾಯಲ್ಲಿಟ್ಟುಕೊಂಡು ಏನೋ ಹೇಳಿದರು. ಯಾರಿಗೂ ತಿಳಿಯಲಿಲ್ಲ.

“ನಾನ್ ತಗಂಡಿಲ್ಲ,” ಎಂದ ಡಾಡ್ ಮಸ್ಸನ್.

“ಕಳ್ಳರೆಲ್ಲ ಹೇಳೋದು ಅದೇ.”

“ಇಸಿ,” ಎಂದಳು ನೆಟ್ಟಿ, ಸಣ್ಣ ದನಿಯಲ್ಲಿ. “ಅವನು ತಗೊಂಡಿರೋಕೆ ಆಗಲ್ಲ ಕಣೇ. ನಿನ್ನೆ ಮಧ್ಯಾಹ್ನ ಗಂಟೆ ಬಾರಿಸಿ ನೋಡಿದ್ವಲ್ಲ, ಆಗ ನಾಲಗೆ ಇತ್ತು. ಅಲ್ಲಿಂದ ಬಂದವನು ಮಲಗೋ ತನಕ ನನ್ನ ಅಡುಗೆಮನೇಲಿ ಸಾಸಿವೆ ಹಾಕಿದ ಬಿಸಿನೀರಲ್ಲಿ ಕಾಲಿಟ್ಕೊಂಡು ಕೂತಿದ್ದ. ರಾತ್ರಿ ಬಾಗಿಲಿಗೆ ಬೀಗ ಹಾಕಿ ಕೀಲಿ ದಿಂಬಿನ ಕೆಳಗೆ ಇಟ್ಕೊಂಡೋಳು ನಾನು. ಬೆಳಿಗ್ಗೆ ಎಬ್ಬಿಸಿದೋಳೂ ನಾನೇ.”

“ನೀನು ಯಾರ ಕಡೆಯೇ?”

“ಸ್ಕೇರ್‌ಟೌನಿನವನ ಕಡೆ ಅಂತೂ ಅಲ್ಲ! ಆದ್ರೆ ಸುಳ್ಳು ಹೇಳೋಕಾಗುತ್ತಾ?”

ನನ್ನ ಸಲಾಕೆ ತಾನಾಗಿಯೇ ಕೆಳಗಿಳಿಯಿತು. ನೆಟ್ಟಿ ಹರಟೆಮಲ್ಲಿ, ಆದರೆ ಸುಳ್ಳಿ ಅಲ್ಲ. ಈಗಷ್ಟೇ ಗೆದ್ದಿದ್ದೆ ಎಂದುಕೊಂಡವಳಿಗೆ ಅಳು ಬಂದಂತಾಯಿತು. ಸಂಜೆ ಆಂಡ್ರಾ ರೇಡಿಯೋ ಬಗಲಲ್ಲಿಟ್ಟುಕೊಂಡು ಈ ಬಾಗಿಲು ದಾಟುವುದು ಕಣ್ಣಿಗೆ ಕಟ್ಟಿತು.

“ಅಕ್ಕ, ಒಂದ್ ಮಾತು,” ಎಂದ ಡಾಡ್. “ನೀನ್ ನನ್ನ ಕೈ ನೋಡ್ತಿದ್ದೆ. ನಾನು ಈ ಬಳೆ ಹಿಡ್ಕಂಡು, ನನ್ ಬಣ್ಣ ಬಯಲಾಯ್ತಲ್ಲಾ ಅಂತ ಮಿಕ್ಕೋರ ಕೈ ನೋಡ್ತಿದ್ದೆ. ಕಡಲಿನೋರೆಲ್ಲ ಕಬ್ಬಿಣ ಮುಟ್ಟಿದ್ರು. ಒಬ್ರು ಮುಟ್ಲಿಲ್ಲ.”

“ಯಾರು?”

ಅವನು ಬಾಗಿಲ ಕಡೆ ಗದ್ದ ಎತ್ತಿದ.

ಆಂಡ್ರಾ ಅಗುಳಿಗೆ ಒರಗಿಕೊಂಡೇ ನಿಂತಿದ್ದ. ಎರಡೂ ಕೈ ಕೋಟಿನ ಜೇಬಿನಲ್ಲಿದ್ದವು. ಬೆಳಿಗ್ಗೆಯಿಂದಲೂ ಹಾಗೇ ಇದ್ದವು. ಸೂಪು ಕೊಟ್ಟಾಗಲೂ ಬೇಡ ಎಂದು ತಲೆ ಆಡಿಸಿದನೇ ಹೊರತು ಕೈ ಚಾಚಿರಲಿಲ್ಲ.

ಈ ಆಂಡ್ರಾ ಎಂಥವನು ಎನ್ನುತ್ತೀರಿ? ಅಂಗಡಿಯ ಗಾಜಿನಲ್ಲಿ ಸುರುಳಿಬಾಲದವನ ಚಿತ್ರ ಕಂಡದ್ದಕ್ಕೆ ಆ ದಿನ ದೋಣಿಯನ್ನೇ ಬಿಡದವನು. ಅಂಥವನು ಆ ಹೆಸರನ್ನು ಕಿವಿಯಾರೆ ಕೇಳಿ, ಬೆನ್ನಿಗೇ ಕಬ್ಬಿಣದ ಅಗುಳಿ ಇದ್ದೂ, ಕೈ ಅಲ್ಲಾಡಿಸಲಿಲ್ಲ. ಯಾಕೆ? ಒಂದೇ ಕಾರಣ ಇರಲು ಸಾಧ್ಯ. ಮುಟ್ಟುವ ಅಗತ್ಯವೇ ಇರಲಿಲ್ಲ. ಅವನು ಆಗಲೇ ಕಬ್ಬಿಣ ಹಿಡಿದುಕೊಂಡಿದ್ದ.

ಇದು ನನಗೆ ಹೊಳೆದದ್ದು ಒಂದು ಕ್ಷಣ ತಡವಾಗಿ. ಮೇಷ್ಟ್ರಿಗೆ ಮೊದಲೇ ಹೊಳೆದಿತ್ತು.

“ಆಂಡ್ರಾ! ಕೈ ಈಚೆ ತೆಗಿ!” ಎಂದರು, ತರಗತಿಯ ಹಿಂದಿನ ಬೆಂಚಿಗೆ ಕೇಳುವ ಹಾಗೆ.

ಆಂಡ್ರಾ ನನ್ನನ್ನು ನೋಡಿದ. ಕೈ ತೆಗೆದ. ಕುಟ್ಟಾಣಿಯಷ್ಟು ದಪ್ಪದ, ತುಕ್ಕು ಹಿಡಿದ ಕಬ್ಬಿಣದ ತುಂಡನ್ನು ಮೇಜಿನ ಮೇಲಿಟ್ಟ. ಗಂಟೆಯ ನಾಲಗೆ ನನ್ನ ಸೂಪಿನ ಬಟ್ಟಲುಗಳ ನಡುವೆ ಮಲಗಿತು.

“ನೋಡಿದ್ರಾ? ನೋಡಿದ್ರಾ?” ಎಂದರು ಮೇಷ್ಟ್ರು. “ನಾನು ಮೊದಲೇ ಹೇಳಿರ್ಲಿಲ್ವಾ? ಕಳ್ಳ ಇವನೇ!”

“ನಾನು ಕದ್ದಿಲ್ಲ,” ಎಂದ ಆಂಡ್ರಾ. “ನಂಗೆ ಸಿಕ್ತು. ಸದ್ದಿಲ್ಲದೆ ಮತ್ತೆ ಕಟ್ಟಿಬಿಡೋಣ ಅಂತ ತಂದೆ. ಅಷ್ಟರಲ್ಲಿ ನೀವು ಬೀಗ ಹಾಕಿಬಿಟ್ರಿ.”

“ಸಿಕ್ತಂತೆ! ಎಲ್ಲಿ ಸಿಕ್ತು?”

“ಅದನ್ನ ಹೇಳಲ್ಲ.”

“ಹಾಗಾದ್ರೆ ಈಗಲೇ ಗಂಟುಮೂಟೆ ಕಟ್ಟು. ಪೊಲೀಸರಿಗೂ ಹೇಳಿಕಳಿಸ್ತೀನಿ.”

“ಕಟ್ತೀನಿ,” ಎಂದು ಆಂಡ್ರಾ ತನ್ನ ಕೋಣೆಯ ಕಡೆ ಹೆಜ್ಜೆ ಹಾಕಿಯೇಬಿಟ್ಟ.

ನನ್ನ ರಕ್ತ ತಲೆಗೇರಿತು. ಸತ್ಯ ಗೊತ್ತಿದ್ದೂ ಬಾಯಿ ಬಿಡದೆ ಮನೆ ಕಳೆದುಕೊಳ್ಳುವ ಮೂರ್ಖನನ್ನು ನಾನು ಎಲ್ಲೂ ಕಂಡಿರಲಿಲ್ಲ. ಓಡಿಹೋಗಿ ಅವನ ಕೋಟು ಹಿಡಿದು ಎಳೆದು ಎಲ್ಲರೆದುರು ನಿಲ್ಲಿಸಿದೆ.

“ಯಾವನನ್ನ ಕಾಪಾಡ್ತಿದೀಯೋ? ಯಾವನೋ ಮಾಡಿದ್ದಕ್ಕೆ ನೀನ್ಯಾಕೆ ಬೀದಿಗೆ ಬೀಳ್ಬೇಕು? ಹೇಳು! ಯಾರ ಮನೇಲಿ ಸಿಕ್ತೋ ಅವರ ಹೆಸರು ಇಲ್ಲೇ, ಎಲ್ಲರ ಮುಂದೆ ಹೇಳು!”

“ಬೇಡ ಇಸಿ. ಬಿಟ್ಬಿಡು.”

“ಬಿಡೋಳಲ್ಲ ನಾನು. ಅವರು ಯಾರೇ ಆಗಿರ್ಲಿ, ಈ ಸಲಾಕೇಲಿ ಸರಿಯಾಗಿ ಎರಡು ಬಿಡ್ತೀನಿ. ನಮ್ಮಮ್ಮನಾಣೆ, ಹೇಳು!”

ಅಮ್ಮನ ಆಣೆ ಹಾಕಿದರೆ ಆಂಡ್ರಾ ತಡೆಯಲಾರ. ಅವನ ಕಣ್ಣಲ್ಲಿ ನೀರು ನಿಂತಿತು.

“ಬೆಳಿಗ್ಗೆ ಗಂಜಿಗೆ ಹಿಟ್ಟು ಇರ್ಲಿಲ್ಲ,” ಎಂದ. “ನೀನು ಇಲ್ಲಿಗೆ ಬಂದಿದ್ದೆ. ಒಂದು ಹಿಡಿ ತಗೊಳ್ಳೋಣ ಅಂತ ನಿನ್ನ ಮನೆಗೆ ಹೋದೆ. ನಿನ್ನ ಓಟ್ ಹಿಟ್ಟಿನ ಡಬ್ಬಿಯೊಳಗೆ ಕೈ ಹಾಕಿದೆ ಇಸಿ. ಕೆಳಗಡೆ ಇದಿತ್ತು.”